ಪೆಟ್ರಾ ನೋಡಬೇಕೆ? ನೀರಿನ ಕಾಲುವೆಯ ಜಾಡು ಹಿಡಿದು ನಡೆಯಿರಿ

ಜೋರ್ಡಾನ್ ದೇಶದ ಪುರಾತನ ಪಟ್ಟಣ ಪೆಟ್ರಾಕ್ಕೆ ಹೋಗುವವರಲ್ಲಿ ಎಷ್ಟೋ ಮಂದಿ ಬೆಳಿಗ್ಗೆ ಬಸ್ಸಿಳಿದು, ಕಣಿವೆ ದಾಟಿ, ಬಂಡೆಯಲ್ಲಿ ಕೆತ್ತಿದ ‘ಖಜಾನೆ’ ಎಂಬ ಸ್ಮಾರಕದ ಮುಂದೆ ಫೋಟೊ ತೆಗೆಸಿಕೊಂಡು ಊಟದ ಹೊತ್ತಿಗೆ ಹಿಂದಿರುಗುತ್ತಾರೆ. ಅಷ್ಟು ದೂರ ಹೋಗಿ ಊರಬಾಗಿಲನ್ನಷ್ಟೇ ನೋಡಿ ಬರುವುದೆಂದರೆ ಬೇಸರದ ಸಂಗತಿ. ಖಜಾನೆಯ ಆಚೆಗೆ ಬೀದಿ, ದೇಗುಲ, ರಂಗಮಂದಿರ, ನೂರಾರು ಸಮಾಧಿಗಳಿರುವ ಇಡೀ ಪಟ್ಟಣ ಬಿದ್ದುಕೊಂಡಿದೆ. ದಕ್ಷಿಣ ಅರೇಬಿಯಾದ ಧೂಪ, ರಕ್ತಬೋಳ, ಭಾರತದ ಕಡೆಯಿಂದ ಬಂದ ಸಾಂಬಾರ ಪದಾರ್ಥ ಎಲ್ಲವೂ ಒಂಟೆಗಳ ಬೆನ್ನೇರಿ ಇಲ್ಲಿಗೆ ಬಂದು, ಮುಂದೆ ಗಾಜಾ ಬಂದರಿಗೆ ಸಾಗುತ್ತಿದ್ದವು. ಆ ವ್ಯಾಪಾರದ ಮೇಲೆ ಬೆಳೆದವರು ಈ ಪಟ್ಟಣ ಕಟ್ಟಿದ ಪ್ರಾಚೀನ ಅರಬ್ ಜನರಾದ ನಬಾತಿಯನ್ನರು. ಆದರೆ ಮಳೆಯೇ ಅಪರೂಪವಾದ ಈ ಬೆಟ್ಟಗಳ ನಡುವೆ ಸಾವಿರಾರು ಜನ ಬದುಕಿದ್ದು ಹೇಗೆ? ಇದೊಂದು ಪ್ರಶ್ನೆಯನ್ನು ತಲೆಯಲ್ಲಿಟ್ಟುಕೊಂಡು ನಡೆದರೆ ಪೆಟ್ರಾ ತಾನಾಗಿಯೇ ಬಿಚ್ಚಿಕೊಳ್ಳುತ್ತದೆ.

ಹೊರಡುವ ಮೊದಲು

ಮಾರ್ಚ್‌ನಿಂದ ಮೇ, ಸೆಪ್ಟೆಂಬರ್‌ನಿಂದ ನವೆಂಬರ್ ಒಳ್ಳೆಯ ಕಾಲ. ಬೇಸಿಗೆಯಲ್ಲಿ ಬಂಡೆಗಳೇ ಕಾವು ಉಗುಳುತ್ತವೆ. ಚಳಿಗಾಲದಲ್ಲಿ ಕೆಲವೊಮ್ಮೆ ಹಿಮ ಬೀಳುವುದೂ ಉಂಟು. ಬೆಂಗಳೂರು, ಮಂಗಳೂರಿನಿಂದ ಹೋಗುವವರು ಸಾಮಾನ್ಯವಾಗಿ ದುಬೈ, ದೋಹಾದಂಥ ಕಡೆ ವಿಮಾನ ಬದಲಿಸಿ ಜೋರ್ಡಾನ್ ರಾಜಧಾನಿ ಅಮ್ಮಾನ್ ಸೇರುತ್ತಾರೆ. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುತ್ತಿರುವ ನಮ್ಮವರಿಗಂತೂ ಇದು ನಾಲ್ಕೈದು ದಿನದ ರಜೆಯಲ್ಲಿ ಆಗಿಹೋಗುವ ಪ್ರವಾಸ. ಪ್ರದೇಶದ ಪರಿಸ್ಥಿತಿ ಹೇಗಿದೆ, ನಮ್ಮ ವಿದೇಶಾಂಗ ಸಚಿವಾಲಯದ ಸೂಚನೆ ಏನಿದೆ ಎಂಬುದನ್ನು ಟಿಕೆಟ್ ಕಾಯ್ದಿರಿಸುವ ಮೊದಲೇ ನೋಡಿಕೊಳ್ಳಿ.

ದುಡ್ಡಿನ ಲೆಕ್ಕ ಸ್ವಲ್ಪ ಗಮನವಿಟ್ಟು ಓದಿ. ಜೋರ್ಡಾನ್‌ನಲ್ಲಿ ರಾತ್ರಿ ತಂಗುವವರಿಗೆ ಪೆಟ್ರಾ ಪ್ರವೇಶ ಶುಲ್ಕ ಒಂದು ದಿನಕ್ಕೆ 50 ದಿನಾರ್, ಎರಡು ದಿನಕ್ಕೆ 55, ಮೂರು ದಿನಕ್ಕೆ 60. ಒಂದು ದಿನಾರ್ ಎಂದರೆ ನೂರು ರೂಪಾಯಿಗೂ ಮೇಲೆ. ಮೊದಲ ದಿನಕ್ಕೆ 50 ಕೊಟ್ಟ ಮೇಲೆ ಎರಡನೇ ದಿನಕ್ಕೆ ಬರೀ ಐದು ದಿನಾರ್ ಕೊಡಲು ಹಿಂದೆಮುಂದೆ ನೋಡಬೇಡಿ. ಇನ್ನೂ ಲಾಭದ್ದೆಂದರೆ ‘ಜೋರ್ಡಾನ್ ಪಾಸ್’. ಪೆಟ್ರಾದಲ್ಲಿ ಎಷ್ಟು ದಿನ ಎಂಬುದರ ಮೇಲೆ 70, 75 ಅಥವಾ 80 ದಿನಾರ್. ದೇಶಕ್ಕೆ ಕಾಲಿಡುವ ಮೊದಲೇ ಕೊಂಡು, ಕನಿಷ್ಠ ಮೂರು ರಾತ್ರಿ ಉಳಿದುಕೊಂಡರೆ 40 ದಿನಾರ್‌ನ ವೀಸಾ ಶುಲ್ಕ ಮಾಫಿ. ರೋಮನ್ ಅವಶೇಷಗಳಿರುವ ಜೆರಾಶ್‌ನಂಥ ಬೇರೆ ತಾಣಗಳ ಪ್ರವೇಶವೂ ಅದರಲ್ಲೇ ಸೇರಿರುತ್ತದೆ. ದರ, ವೀಸಾ ನಿಯಮ ಬದಲಾಗುತ್ತಿರುತ್ತವೆ, ಆದ್ದರಿಂದ ಅಧಿಕೃತ ಜಾಲತಾಣದಲ್ಲಿ ಇನ್ನೊಮ್ಮೆ ಖಚಿತ ಮಾಡಿಕೊಳ್ಳಿ.

ತಂಗುವುದು ವಾದಿ ಮೂಸಾದಲ್ಲಿ. ಅಮ್ಮಾನ್‌ನಿಂದ ರಸ್ತೆಯಲ್ಲಿ ಸುಮಾರು ಮೂರು ಗಂಟೆ. ಪೆಟ್ರಾದ ಬಾಗಿಲಿಗೆ ಅಂಟಿಕೊಂಡೇ ಇರುವ ಊರಿದು. ಸಸ್ಯಾಹಾರಿಗಳು ಹೆದರಬೇಕಿಲ್ಲ, ಫಲಾಫೆಲ್, ಹಮ್ಮುಸ್, ಖುಬ್ಜ್ ರೊಟ್ಟಿ ಎಲ್ಲೆಡೆ ಸಿಗುತ್ತವೆ. ಮರುದಿನದ ಬುತ್ತಿಯನ್ನು ಹಿಂದಿನ ರಾತ್ರಿಯೇ ಕಟ್ಟಿಸಿಕೊಳ್ಳಿ. ತಲೆಗೊಂದು ಟೊಪ್ಪಿ, ಪಳಗಿದ ಬೂಟು, ಒಬ್ಬರಿಗೆ ಎರಡು ಲೀಟರ್ ನೀರು ಇರಲಿ.

ಮೊದಲ ದಿನ: ಸಿಕ್‌ನಿಂದ ಊರೊಳಗೆ

ಬಾಗಿಲು ತೆರೆಯುವುದು ಬೆಳಿಗ್ಗೆ ಆರಕ್ಕೆ. ಆಗಲೇ ಅಲ್ಲಿರಿ. ಎಂಟು ದಾಟಿದರೆ ಗುಂಪು ಗುಂಪಾಗಿ ಪ್ರವಾಸಿಗರು ಬರತೊಡಗುತ್ತಾರೆ. ಸಿಕ್‌ವರೆಗಿನ ಕುದುರೆ ಸವಾರಿ ಟಿಕೆಟ್‌ನಲ್ಲೇ ಸೇರಿದೆ ಎನ್ನುತ್ತಾರೆ. ನಿಜವೇ, ಆದರೆ ಕೊನೆಗೆ ಇನಾಮು ಕೇಳುತ್ತಾರೆ. ನಡೆಯುವುದೇ ಒಳ್ಳೆಯದು, ಏಕೆಂದರೆ ದಾರಿಯುದ್ದಕ್ಕೂ ನೋಡುವುದಿದೆ.

ಸಿಕ್ ಎಂದರೆ ಸುಮಾರು 1.2 ಕಿಲೋಮೀಟರ್ ಉದ್ದದ ಇಕ್ಕಟ್ಟಾದ ಬಂಡೆಕಣಿವೆ. ಒಳಗೆ ಹೋಗುವ ಮುನ್ನ ಬಾಯಲ್ಲೇ ಒಂದು ಒಡ್ಡು ಕಾಣುತ್ತದೆ. ದಿಢೀರ್ ಪ್ರವಾಹವನ್ನು ಕಣಿವೆಗೆ ಬಿಡದೆ, ಪಕ್ಕದ ಬೆಟ್ಟ ಕೊರೆದ ಸುರಂಗದತ್ತ ತಿರುಗಿಸಲು ನಬಾತಿಯನ್ನರು ಮಾಡಿದ ಏರ್ಪಾಡು ಇದು. ಕಾಲಾಂತರದಲ್ಲಿ ಅದು ಹಾಳಾಗಿತ್ತು. 1963ರಲ್ಲಿ ಸಿಕ್‌ಗೆ ನುಗ್ಗಿದ ನೀರಿಗೆ ಫ್ರಾನ್ಸ್‌ನ 20ಕ್ಕೂ ಹೆಚ್ಚು ಪ್ರವಾಸಿಗರು ಬಲಿಯಾದ ಮೇಲೆ ಒಡ್ಡನ್ನು ಮತ್ತೆ ಕಟ್ಟಿದರು. ಮಳೆಯ ಮುನ್ಸೂಚನೆ ಬಂದು ಸಿಬ್ಬಂದಿ ಹೊರಗೆ ನಡೆಯಿರಿ ಎಂದರೆ ವಾದ ಮಾಡದೆ ಹೊರಡಿ.

ಒಳಗೆ ಎಲ್ಲರೂ ತಲೆಯೆತ್ತಿ ಬಂಡೆಯ ಬಣ್ಣ ನೋಡುತ್ತಾ ನಡೆಯುತ್ತಾರೆ. ನೀವು ಸೊಂಟದೆತ್ತರಕ್ಕೂ ಕಣ್ಣು ಹಾಯಿಸಿ. ಎರಡೂ ಗೋಡೆಗಳಲ್ಲಿ ಕೊರೆದ ಕಾಲುವೆ ನಿಮ್ಮ ಜೊತೆಗೇ ಬರುತ್ತಿರುತ್ತದೆ. ಒಂದೆಡೆ ಅದರೊಳಗೆ ಸುಟ್ಟ ಮಣ್ಣಿನ ಕೊಳವೆಗಳನ್ನು ಒಂದರ ಬಾಯಿಗೆ ಇನ್ನೊಂದನ್ನು ಸಿಕ್ಕಿಸಿ, ಸಂದಿಗೆ ಗಾರೆ ಮೆತ್ತಿ ಕೂರಿಸಿದ್ದರು. ಕೆಲವು ತುಂಡುಗಳು ಈಗಲೂ ಅಲ್ಲೇ ಇವೆ. ಊರಾಚೆಯ ಮೂಸಾ ಚಿಲುಮೆಯ ನೀರನ್ನು ಪಟ್ಟಣಕ್ಕೆ ತಂದದ್ದು ಹೀಗೆ. ಇಳಿಜಾರು ತುಸು ಹೆಚ್ಚಾದರೆ ಕೊಳವೆ ಒಡೆಯುತ್ತದೆ, ಕಡಿಮೆಯಾದರೆ ಹೂಳು ಕಟ್ಟುತ್ತದೆ. ಎರಡು ಸಾವಿರ ವರ್ಷದ ಹಿಂದೆ ಆ ಹದವನ್ನು ಬಂಡೆಯಲ್ಲಿ ಸಾಧಿಸಿದವರ ಕೈಗಳನ್ನು ನೆನೆದರೆ ಗೌರವ ಉಕ್ಕುತ್ತದೆ. ಮುಂದೆ ಎಡಗೋಡೆಯಲ್ಲಿ ಒಂಟೆ ನಡೆಸುವವನ ಉಬ್ಬುಶಿಲ್ಪವೊಂದಿದೆ. ಮೇಲ್ಭಾಗ ಸವೆದುಹೋಗಿ ಕಾಲು, ಪಾದ, ಬಟ್ಟೆಯ ನಿರಿಗೆ ಮಾತ್ರ ಉಳಿದಿವೆ. ಅವಸರದಲ್ಲಿ ಹೋದವರಿಗೆ ಅದು ಕಾಣುವುದೇ ಇಲ್ಲ.

ಸಿಕ್ ಮುಗಿದಲ್ಲಿ ಖಜಾನೆ, ಅಂದರೆ ಅಲ್ ಖಜ್ನೆ. ಎತ್ತರ ಸುಮಾರು 40 ಮೀಟರ್. ಹೆಸರು ಖಜಾನೆಯಾದರೂ ಇದು ಕ್ರಿ.ಶ. ಮೊದಲ ಶತಮಾನದ ಸಮಾಧಿ ಸ್ಮಾರಕ. 2024ರಲ್ಲಿ ಇದರ ಅಡಿಯಲ್ಲಿ 12 ಅಸ್ಥಿಪಂಜರಗಳಿರುವ ಗೋರಿ ಸಿಕ್ಕಿತು. ತುದಿಯಲ್ಲಿರುವ ಕಲಶದಲ್ಲಿ ಚಿನ್ನವಿದೆಯೆಂದು ನಂಬಿ ಹಿಂದೆ ಗುಂಡು ಹೊಡೆದ ಗುರುತುಗಳಿವೆ. ಕಲಶ ಬರೀ ಗಟ್ಟಿ ಕಲ್ಲು. ಮುಂಭಾಗದ ಎರಡೂ ಅಂಚಿನಲ್ಲಿ ಮೇಲಿಂದ ಕೆಳಗೆ ಸಾಲಾಗಿ ತೋಡಿದ ಗೂಡುಗಳನ್ನು ನೋಡಿ, ಕೆಲಸಗಾರರು ಹತ್ತಿಳಿಯಲು ಮಾಡಿಕೊಂಡವು ಎನ್ನುತ್ತಾರೆ. ಇಲ್ಲಿನವರು ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕೆತ್ತುತ್ತಾ ಬಂದವರು. ನಮ್ಮ ರಾಷ್ಟ್ರಕೂಟರು ಎಲ್ಲೋರದ ಕೈಲಾಸವನ್ನು ಕಡೆಸಿದ್ದೂ ಹಾಗೆಯೇ, ಅದಕ್ಕೂ ಸುಮಾರು ಏಳು ಶತಮಾನ ಮೊದಲೇ ಇದು ಇಲ್ಲಿ ನಡೆದಿತ್ತು. ಊರೊಳಗೆ ಅರ್ಧಕ್ಕೆ ಬಿಟ್ಟ ಸಮಾಧಿಯೊಂದಿದೆ. ಮೇಲ್ಭಾಗ ಮುಗಿದಿದೆ, ಕೆಳಗೆ ಹಸಿ ಬಂಡೆ.

ಇಲ್ಲಿಂದ ಬಲಕ್ಕೆ ತಿರುಗಿ ನಡೆಯುತ್ತಲೇ ಇರಿ. ರಂಗಮಂದಿರದ ಮೇಲ್ಗೋಡೆಯಲ್ಲಿ ಕಾಣುವ ತೂತುಗಳು ಅದಕ್ಕಿಂತ ಹಳೆಯ ಸಮಾಧಿಗಳವು, ಆಸನಗಳಿಗಾಗಿ ಅವನ್ನು ಕತ್ತರಿಸಿಬಿಟ್ಟಿದ್ದಾರೆ. ಕಂಬಸಾಲಿನ ಬೀದಿ ಶುರುವಾಗುವಲ್ಲಿ ಸಾರ್ವಜನಿಕ ಕಾರಂಜಿಯ ಅಡಿಪಾಯವಿದೆ, ಪಕ್ಕದಲ್ಲೊಂದು ಹಳೆಯ ಮರ. ಮುಂದೆ ಮಹಾದೇಗುಲದ ಪಕ್ಕದಲ್ಲಿ ದೊಡ್ಡ ಕೊಳ, ತೋಟದ ಅವಶೇಷ. ನೀರಿಗೆ ಬರವಿರುವ ನಾಡಿನಲ್ಲಿ ಕೊಳ ಕಟ್ಟಿಸಿ ತೋಟ ಬೆಳೆಸುವುದೆಂದರೆ ಸಿರಿತನದ ಪ್ರದರ್ಶನವೇ. ಬಲದ ದಿಬ್ಬದ ಮೇಲಿನ ಬೈಜಾಂಟೈನ್ ಚರ್ಚ್‌ನ ನೆಲದಲ್ಲಿ ಪ್ರಾಣಿಪಕ್ಷಿಗಳ ಬಣ್ಣದ ಮೊಸಾಯಿಕ್ ಇದೆ. 1993ರಲ್ಲಿ ಸುಟ್ಟು ಕರಕಲಾದ ಸುಮಾರು 140 ಪಪೈರಸ್ ಸುರುಳಿಗಳು ಸಿಕ್ಕಿದ್ದು ಇಲ್ಲೇ. ಆಸ್ತಿ, ತೆರಿಗೆ, ಮದುವೆಯ ಪತ್ರಗಳು! ಕ್ರಿ.ಶ. 106ರಲ್ಲಿ ರೋಮನ್ನರ ವಶವಾಗಿ, 363ರ ಭೂಕಂಪದಲ್ಲಿ ಕುಸಿದ ಮೇಲೂ ಈ ಊರಿನಲ್ಲಿ ಸಂಸಾರಗಳು ನಡೆದೇ ಇದ್ದವು ಎಂಬುದಕ್ಕೆ ಸಾಕ್ಷಿ. ಹಿಂದಿರುಗುವಾಗ ರಾಜಸಮಾಧಿಗಳನ್ನು ಹತ್ತಿ. ಅವು ಪಶ್ಚಿಮಕ್ಕೆ ಮುಖ ಮಾಡಿರುವುದರಿಂದ ಸಂಜೆಯ ಬಿಸಿಲಿನಲ್ಲೇ ನೋಡಬೇಕು. ಆದರೆ ಬಾಗಿಲವರೆಗಿನ ದಾರಿ ಪೂರ್ತಿ ಏರು, ಅದಕ್ಕೆ ಶಕ್ತಿ ಉಳಿಸಿಕೊಳ್ಳಿ.

ಎರಡನೇ ದಿನ: ಮೆಟ್ಟಿಲು

ಬೆಳಗಿನ ತಂಪಿನಲ್ಲಿ, ರಂಗಮಂದಿರಕ್ಕೆ ಸ್ವಲ್ಪ ಮೊದಲು ಎಡಕ್ಕಿರುವ ಮೆಟ್ಟಿಲು ಹಿಡಿದು ಬಲಿಪೀಠದ ಬೆಟ್ಟ ಹತ್ತಿ. ಮೇಲೆ ಎರಡು ಕಲ್ಲುಕಂಬಗಳಿವೆ. ತಂದು ನಿಲ್ಲಿಸಿದವಲ್ಲ, ಸುತ್ತಲಿನ ಬೆಟ್ಟವನ್ನೇ ಕಡಿದು ತೆಗೆದು ಉಳಿಸಿದವು. ಬಂದ ದಾರಿಯಲ್ಲೇ ಇಳಿಯಬೇಡಿ, ವಾದಿ ಫರಾಸಾ ಎಂಬ ಕಣಿವೆಯ ಕಡೆಯಿಂದ ಇಳಿಯಿರಿ. ಅಲ್ಲಿ ಬಂಡೆಯ ಮೇಲೊಂದು ದೊಡ್ಡ ಸಿಂಹವಿದೆ. ಬೆಟ್ಟದಿಂದ ಇಳಿಸಿ ತಂದ ನೀರು ಅದರ ಬಾಯಿಂದ ಧುಮುಕುತ್ತಿತ್ತು.

ಮಧ್ಯಾಹ್ನದ ಮೇಲೆ ಅಲ್ ದೇರ್, ಅಂದರೆ ‘ಮಠ’. ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು, ನಿಧಾನವಾಗಿ ಹತ್ತಿದರೆ ಒಂದು ಗಂಟೆ. ಖಜಾನೆಗಿಂತ ದೊಡ್ಡದು, ಜನ ಕಡಿಮೆ. ಬಿಸಿಲು ಅದರ ಮುಂಭಾಗಕ್ಕೆ ನೇರವಾಗಿ ಬೀಳುವುದೂ ಆಗಲೇ. ಮಂಡಿ ನೋವಿದ್ದರೆ ಬಲಿಪೀಠ ಬಿಟ್ಟು ಇದನ್ನೊಂದೇ ಆರಿಸಿಕೊಳ್ಳಿ. ಕತ್ತೆಯ ಮೇಲೆ ಕರೆದೊಯ್ಯುತ್ತೇವೆ ಎಂದು ಹಿಂದೆ ಬೀಳುತ್ತಾರೆ. ಸವೆದ ಮೆಟ್ಟಿಲ ಮೇಲೆ ಮನುಷ್ಯರನ್ನು ಹೊತ್ತು ದಿನವಿಡೀ ಏರಿಳಿಯುವ ಆ ಪ್ರಾಣಿಗಳ ಪಾಡು ಕಣ್ಣಿಂದ ನೋಡಲಾಗುವುದಿಲ್ಲ. ದಯವಿಟ್ಟು ಬೇಡ ಎನ್ನಿ. ಅದರ ಬದಲು ಇಲ್ಲಿನ ಮರುಭೂಮಿಯ ಬುಡಕಟ್ಟಿನವರಾದ ಬೆದುಯಿನ್ ಹೆಂಗಸರ ಅಂಗಡಿಯಲ್ಲಿ ಚಹಾ ಕುಡಿಯಿರಿ, ಮಣಿಸರ ಕೊಳ್ಳಿ. ಬ್ದೂಲ್ ಪಂಗಡದ ಇವರ ಕುಟುಂಬಗಳು 1980ರ ದಶಕದವರೆಗೂ ಇವೇ ಗುಹೆಗಳಲ್ಲಿ ಬಾಳಿದ್ದವು, ಆಮೇಲೆ ಸರ್ಕಾರ ಉಮ್ಮ್ ಸೈಹೂನ್ ಹಳ್ಳಿಗೆ ಸ್ಥಳಾಂತರಿಸಿತು. ಶಾಲೆಯ ಹೊತ್ತಿನಲ್ಲಿ ಚಿತ್ರಪತ್ರ ಮಾರುವ ಮಕ್ಕಳಿಂದ ಮಾತ್ರ ಏನನ್ನೂ ಕೊಳ್ಳಬೇಡಿ.

ಮೂರನೇ ದಿನ ಹೊರಡುವ ಮೊದಲು ಎರಡು ಗಂಟೆ ಸಿಕ್ಕರೆ, ಕೆಲವೇ ಕಿಲೋಮೀಟರ್ ದೂರದ ಪುಟ್ಟ ಪೆಟ್ರಾಕ್ಕೆ ಹೋಗಿ. ಟಿಕೆಟ್ ಬೇಕಿಲ್ಲ. ಮೆಟ್ಟಿಲೇರಿದರೆ ಬಂಡೆಗೂಡೊಂದರ ಚಾವಣಿಯಲ್ಲಿ ದ್ರಾಕ್ಷಿ ಬಳ್ಳಿ, ಹೂವು, ಹಕ್ಕಿಗಳ ನಬಾತಿಯನ್ ಚಿತ್ರವಿದೆ. ಟ್ಯಾಕ್ಸಿಯವರ ಬಳಿ ಕಾಯುವ ಸಮಯವನ್ನೂ ಸೇರಿಸಿ ದರವನ್ನು ಮೊದಲೇ ಮಾತಾಡಿಕೊಳ್ಳಿ.