ನಿಮ್ಮ ಭಾರ ಕುದುರೆಗೆ ಜಾಸ್ತಿಯಾಯ್ತಾ? ಟೇಪ್ ಹಿಡಿದು ಅಳೆದು ನೋಡಿ

ತುಮಕೂರಿನ ಒಂದು ಛತ್ರದ ಮುಂದೆ ಮೆರವಣಿಗೆ ಹೊರಟಿತ್ತು. ಮದುಮಗ ದಪ್ಪ ಆಳು, ಕುದುರೆ ಸಣ್ಣದು. ಸಾಲದು ಅಂತ ಮುಂದೆ ಅಕ್ಕನ ಮಗನನ್ನೂ ಕೂರಿಸಿದರು. ಕುದುರೆ ಬೆನ್ನು ತಗ್ಗಿಸಿ, ಕಿವಿ ಹಿಂದಕ್ಕೆ ಒತ್ತಿಕೊಂಡಿತು. ಕುದುರೆ ತೂಕ ಎಷ್ಟು ಅಂತ ಕೇಳಿದೆ. "ನಾಲ್ಕು ಕ್ವಿಂಟಾಲ್ ಇದೆ ಸಾರ್, ಏನೂ ಆಗಲ್ಲ" ಅಂದರು ಕುದುರೆ ಯಜಮಾನರು. ಮಾರನೇ ದಿನ ಅವರ ಲಾಯಕ್ಕೆ ಹೋಗಿ ಅಳೆದೆವು. ಎರಡೂವರೆ ಕ್ವಿಂಟಾಲ್ ಕೂಡ ಇರಲಿಲ್ಲ.

ಕಣ್ಣಂದಾಜಿಗೆ ಕುದುರೆಯ ತೂಕ ಸಿಗುವುದಿಲ್ಲ. ಅಳೆಯಲೇಬೇಕು.

ಮೊದಲು ಲೆಕ್ಕ ತಿಳಿದುಕೊಳ್ಳಿ. ಸವಾರ, ಬಟ್ಟೆ, ಬೂಟು, ಜೀನು ಎಲ್ಲ ಸೇರಿ ಕುದುರೆ ತೂಕದ ನೂರಕ್ಕೆ 20 ಭಾಗ ದಾಟಬಾರದು. 2008ರಲ್ಲಿ ಅಮೆರಿಕದಲ್ಲಿ 8 ಕುದುರೆಗಳ ಮೇಲೆ ನೂರಕ್ಕೆ 15, 20, 25, 30ರಷ್ಟು ಭಾರ ಹೊರಿಸಿ ಓಡಿಸಿ ನೋಡಿದರು. 25ಕ್ಕೆ ಮೈಕೈ ನೋವು ಕಾಣಿಸಿಕೊಂಡಿತು, 30ಕ್ಕೆ ಇನ್ನೂ ಜಾಸ್ತಿಯಾಯಿತು. ವಯಸ್ಸಾದ, ಬಡಕಲಾದ, ಲಾಳ ಸರಿಯಿಲ್ಲದ ಕುದುರೆಗೆ ನಾನಂತೂ 15ರ ಮೇಲೆ ಒಪ್ಪುವುದಿಲ್ಲ. ರೇಸಿನ ಕುದುರೆ 450ರಿಂದ 500 ಕೆಜಿ ತೂಗುತ್ತದೆ. ಅದರ ಮೇಲೆ ಜಾಕಿ, ಜೀನು ಸೇರಿ 50–60 ಕೆಜಿ ಅಷ್ಟೇ. ಮೆರವಣಿಗೆಯ ಸಣ್ಣ ಕುದುರೆ ಅದಕ್ಕಿಂತ ಜಾಸ್ತಿ ಹೊರುತ್ತಿದೆ!

ಈಗ ಅಳತೆ. ಹೆಚ್ಚಿನವರು ತಪ್ಪುವುದು ಇಲ್ಲೇ.

ಕುದುರೆಯನ್ನು ಸಮ ನೆಲದಲ್ಲಿ ನಿಲ್ಲಿಸಿ. ನಾಲ್ಕು ಕಾಲಿನ ಮೇಲೂ ಸಮವಾಗಿ ನಿಂತಿರಬೇಕು, ತಲೆ ಬಗ್ಗಿಸಿ ಹುಲ್ಲು ಮೇಯುತ್ತಿರಬಾರದು. ಒಬ್ಬರು ಲಗಾಮು ಹಿಡಿಯಲಿ, ಇನ್ನೊಬ್ಬರು ಅಳೆಯಲಿ. ಕುತ್ತಿಗೆ ಮುಗಿದು ಬೆನ್ನು ಶುರುವಾಗುವ ಕಡೆ ಒಂದು ಉಬ್ಬು ಇದೆಯಲ್ಲಾ, ಅದರ ಹಿಂದಿನಿಂದ ಟೇಪ್ ಇಳಿಸಿ. ಮುಂಗಾಲಿನ ಮೊಣಕೈ ಹಿಂದೆ, ಜೀನಿನ ಪಟ್ಟಿ ಬಿಗಿಯುವ ಜಾಗದಲ್ಲಿ ಎದೆ ಸುತ್ತ ತನ್ನಿ. ಹೊಟ್ಟೆಗೆ ಜಾರಬಾರದು. ಟೇಪ್ ಎಲ್ಲೂ ತಿರುಚಿರಬಾರದು, ಚರ್ಮಕ್ಕೆ ತಾಗಿರಬೇಕು, ಒತ್ತಬಾರದು. ಕುದುರೆ ಉಸಿರು ಬಿಟ್ಟಾಗ ಓದಿ. ಮೂರು ಸಲ ಅಳೆದು ಸರಾಸರಿ ತೆಗೆಯಿರಿ.

ದರ್ಜಿ ಟೇಪ್ 150 ಸೆಂ.ಮೀ.ಗೆ ಮುಗಿಯುತ್ತದೆ. ಸಾಲದಿದ್ದರೆ ಸೆಣಬಿನ ಹುರಿ ಸುತ್ತಿ, ಗುರುತು ಹಾಕಿ, ಆಮೇಲೆ ಅಳೆಯಿರಿ. ನೈಲಾನ್ ಹಗ್ಗ ಬೇಡ, ಹಿಗ್ಗುತ್ತದೆ. ಸ್ಟೀಲ್ ಟೇಪ್ ಕೂಡ ಬೇಡ. ಅದು ಸರ್‍ರನೆ ಒಳಗೆ ಹೋದರೆ ಕುದುರೆ ಬೆಚ್ಚುತ್ತದೆ.

ಉದ್ದವನ್ನು ಭುಜದ ಮುಂಭಾಗದ ಮೂಳೆ ತುದಿಯಿಂದ ಪೃಷ್ಠದ ಹಿಂಬದಿಯ ಮೂಳೆ ತುದಿವರೆಗೆ ಹಿಡಿಯಿರಿ. ಬಾಲದ ಬುಡ ಲೆಕ್ಕಕ್ಕಿಲ್ಲ.

ಎದೆ ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 11,880ರಿಂದ ಭಾಗಿಸಿ. ಅಳತೆ ಸೆಂ.ಮೀ.ನಲ್ಲಿದ್ದರೆ ಉತ್ತರ ಕೆಜಿಯಲ್ಲಿ ಬರುತ್ತದೆ. ಆ ಮೆರವಣಿಗೆ ಕುದುರೆಯ ಸುತ್ತಳತೆ 150, ಉದ್ದ 130. ತೂಕ 246 ಕೆಜಿ, ಹೊರಬಹುದಾದ ಭಾರ 49 ಕೆಜಿ. ಟೇಪ್ ಹೊಟ್ಟೆಗೆ ಜಾರಿ 170 ಬಂದಿದ್ದರೆ ಅದೇ ಕುದುರೆ 316 ಕೆಜಿ ಆಗುತ್ತಿತ್ತು, ಭಾರ 63 ಕೆಜಿ. ಸುತ್ತಳತೆಯನ್ನು ಎರಡು ಸಲ ಗುಣಿಸುವುದರಿಂದ ಸಣ್ಣ ತಪ್ಪೂ ಹೀಗೆ ಬೆಳೆಯುತ್ತದೆ. ಗಬ್ಬದ ಕುದುರೆಗೆ, ಮರಿಗೆ ಈ ಲೆಕ್ಕ ನಡೆಯುವುದಿಲ್ಲ.

ಇನ್ನು ನಿಮ್ಮ ಭಾರ. ಜೀನು ಹಿಡಿದುಕೊಂಡೇ ತಕ್ಕಡಿ ಮೇಲೆ ನಿಲ್ಲಿ. ಎಲ್ಲ ಒಂದೇ ಸಲ ತೂಗಿಬಿಡುತ್ತದೆ.

ಜೀನು ಕೊನೆಯ ಪಕ್ಕೆಲುಬು ದಾಟಿ ಹಿಂದೆ ಹೋಗಬಾರದು, ಅಲ್ಲಿ ಆಸರೆಯಿಲ್ಲ. ಬೆನ್ನುಮೂಳೆಗೂ ತಾಗಬಾರದು. ನೀವು ಕೂತ ಮೇಲೂ ಕುತ್ತಿಗೆ ಬುಡದ ಆ ಉಬ್ಬಿಗೂ ಜೀನಿಗೂ ನಡುವೆ ಎರಡು ಬೆರಳು ತೂರಬೇಕು. ಇಕ್ಕಟ್ಟಾದ ಜೀನಿನ ಕೆಳಗೆ ದಪ್ಪ ಜೆಲ್ ಪ್ಯಾಡ್ ಹಾಕಿದರೆ ಸರಿಹೋಗುತ್ತದೆ ಅಂತ ಅಂಗಡಿಯವರು ಹೇಳುತ್ತಾರೆ. ನಂಬಬೇಡಿ, ಒತ್ತಡ ಜಾಸ್ತಿಯೇ ಆಗುತ್ತದೆ. ನಾನೂ ಒಂದು ಕೊಂಡು ಕುದುರೆಯ ಬೆನ್ನಿಗೆ ಹುಣ್ಣು ಮಾಡಿದ್ದೇನೆ, ಇವತ್ತಿಗೂ ಆ ಜಾಗದಲ್ಲಿ ಬಿಳಿ ಕೂದಲಿದೆ.

ಹತ್ತುವುದು ಯಾವಾಗಲೂ ಕಲ್ಲುಕಟ್ಟೆಯಿಂದ. ನೆಲದಿಂದ ರಿಕಾಪಿಗೆ (ಜೀನಿನಿಂದ ನೇತಾಡುವ, ಕಾಲಿಡುವ ಬಳೆ) ಕಾಲಿಟ್ಟು ಜಗ್ಗಿದರೆ ಜೀನು ಒಂದು ಕಡೆ ಎಳೆದು ಬೆನ್ನನ್ನು ತಿರುಚುತ್ತದೆ. ನಡಿಗೆಯಲ್ಲಿ ಬೆನ್ನಿಗೆ ಬೀಳುವುದು ಹೆಚ್ಚುಕಡಿಮೆ ನಿಮ್ಮ ತೂಕವೇ. ಟ್ರಾಟ್‌ನಲ್ಲಿ, ಅಂದರೆ ಕುಲುಕುತ್ತಾ ಮೆಲ್ಲಗೆ ಓಡುವಾಗ, ಹಾಕುವ ಪ್ರತಿ ಹೆಜ್ಜೆಗೂ ಸುಮಾರು ಅದರ ಎರಡು ಪಟ್ಟು ಬೀಳುತ್ತದೆ. ಹಾಗಾಗಿ ಧಡ್ ಧಡ್ ಅಂತ ಕೂರದೆ, ಲಯಕ್ಕೆ ತಕ್ಕಂತೆ ಎದ್ದು ಕೂರುವುದನ್ನು ಕಲಿಯಿರಿ.

ಇಳಿದ ಮೇಲೆ ಜೀನು ತೆಗೆದು ಬೆವರು ನೋಡಿ. ಸುತ್ತ ಒದ್ದೆಯಾಗಿ ನಡುವೆ ಒಣ ಮಚ್ಚೆ ಇದ್ದರೆ ಅಲ್ಲಿ ಅತಿಯಾಗಿ ಒತ್ತಿರಬಹುದು. ಬೆನ್ನುಮೂಳೆಯ ಎರಡೂ ಬದಿ ಅಂಗೈಯಿಂದ ಮೆಲ್ಲಗೆ ಒತ್ತುತ್ತಾ ಹೋಗಿ. ಬೆನ್ನು ಕೆಳಗೆ ಜಗ್ಗಿದರೆ, ಬಾಲ ಬೀಸಿದರೆ, ಕಚ್ಚಲು ತಿರುಗಿದರೆ ಅದಕ್ಕೆ ನೋವಿದೆ. ಮಾರನೇ ಬೆಳಿಗ್ಗೆ ಇನ್ನೊಮ್ಮೆ ಒತ್ತಿ ನೋಡಿ. ಆಗಲೂ ಹಾಗೇ ಮಾಡಿದರೆ ಪಶುವೈದ್ಯರಿಗೆ ತೋರಿಸಿ, ನೋವು ಹೋಗುವವರೆಗೂ ಜೀನು ಹಾಕಬೇಡಿ.