ರೇಷ್ಮೆಗೂಡಿನ ಒಂದೇ ಫೋಟೊ, ಎಂಟಡಿ ಫ್ಲೆಕ್ಸು: ಗೆರೆ ಕಾಣದ ಹಾಗೆ ಟೈಲ್ ಮಾಡೋದು ಹೇಗೆ

ಹೋದ ವರ್ಷ ಶಿಡ್ಲಘಟ್ಟದ ಹತ್ರ ಪರಿಚಯದ ರೇಷ್ಮೆ ಬೆಳೆಗಾರರೊಬ್ರು ಮಗಳ ಆರತಕ್ಷತೆಗೆ ಸ್ಟೇಜ್ ಹಿಂದೆ ಹಾಕೋ ಫ್ಲೆಕ್ಸ್ ಮಾಡ್ಕೊಡಿ ಅಂತ ಬಂದ್ರು, ಹೂವಿನ ಡಿಸೈನೆಲ್ಲ ಬೇಡ, ನಮ್ಮನೆ ಚಂದ್ರಿಕೆಯಿಂದ (ಹುಳ ಗೂಡು ಕಟ್ಟೋ ತಟ್ಟೆ) ಬಿಡಿಸಿದ ಗೂಡೇ ತುಂಬ್ಕೊಂಡಿರ್ಬೇಕು, ಈ ಮದುವೆ ನಡೀತಿರೋದೇ ಅದರಿಂದ ಅಂದ್ರು. ಆ ಮಾತು ಮನಸ್ಸಿಗೆ ನಾಟ್ತು. ಗೂಡಿನ ರಾಶಿ ಫೋಟೊ ತೆಗ್ದು ಅದನ್ನೇ ಪಕ್ಕಪಕ್ಕ ಪೇಸ್ಟ್ ಮಾಡಿ, ಅಂದ್ರೆ ಟೈಲ್ ಮಾಡಿ, ಪ್ರಿಂಟ್ ಮಾಡಿಸ್ದೆ. ಬಿಚ್ಚಿ ನೋಡಿದ್ರೆ ಅಡಿಗೊಂದು ಗೆರೆ, ಗೆರೆ ಉದ್ದಕ್ಕೂ ಅರ್ಧಕ್ಕೆ ಕತ್ತರಿಸಿದ ಗೂಡುಗಳು. ರಾತ್ರಿಯೆಲ್ಲ ಕೂತು ಮತ್ತೆ ಮಾಡ್ಬೇಕಾಯ್ತು. ಆವತ್ತು ಸರಿಯಾಗಿ ಕಲ್ತಿದ್ದನ್ನ ಇಲ್ಲಿ ಬರೀತಿದೀನಿ.

ಮೊದ್ಲು ಫೋಟೊ. ಅರ್ಧ ಕೆಲಸ ಇಲ್ಲೇ ಮುಗಿಯತ್ತೆ, ಇಲ್ಲ ಇಲ್ಲೇ ಕೆಡತ್ತೆ. ಗೂಡನ್ನ ಒಂದೇ ಮಟ್ಟಕ್ಕೆ ಹರಡಿ, ನೆರಳಲ್ಲಿಟ್ಟು, ನೆಟ್ಟಗೆ ಮೇಲಿಂದ ತೆಗೀರಿ. ಕಿಟಕಿ ಪಕ್ಕ ಇಟ್ರೆ ಒಂದು ಕಡೆ ಬೆಳಕು ಇನ್ನೊಂದು ಕಡೆ ಮಬ್ಬು ಬರತ್ತೆ, ಆಮೇಲೆ ಅಂಚು ಎಷ್ಟು ಚೆನ್ನಾಗಿ ಸೇರಿಸಿದ್ರೂ ಫ್ಲೆಕ್ಸ್ ತುಂಬ ಬಿಳಿ ಪಟ್ಟೆ ಕಪ್ಪು ಪಟ್ಟೆ ಕಾಣತ್ತೆ. ಬೈವೋಲ್ಟೈನ್ ಅನ್ನೋ ತಳಿಯ ಬಿಳಿ ಗೂಡಲ್ಲಂತೂ ಇದು ಎದ್ದು ಕಾಣತ್ತೆ, ಮಿಶ್ರತಳಿ ಹಳದಿ ಗೂಡಾದ್ರೆ ಸ್ವಲ್ಪ ಪರವಾಗಿಲ್ಲ. ಕಲೆ ಗೂಡು, ಜೋಡಿ ಗೂಡು (ಎರಡು ಹುಳ ಸೇರಿ ಕಟ್ಟಿದ್ದು) ಇದ್ರೆ ಆಗ್ಲೇ ಆರಿಸಿ ತೆಗ್ದುಬಿಡಿ.

ಸಾಫ್ಟ್‌ವೇರ್ ಜಿಂಪ್ (GIMP) ಅನ್ನೋ ಫೋಟೊ ಎಡಿಟರ್ ಸಾಕು, 1996ರಿಂದ ಇರೋದು, ಪೂರ್ತಿ ಉಚಿತ. ಅಳತೆ ಮೊದ್ಲೇ ಲೆಕ್ಕ ಹಾಕ್ಕೊಳ್ಳಿ: 8 ಅಡಿ 4 ಅಡಿ ಫ್ಲೆಕ್ಸ್ ಇಂಚಿಗೆ 72 ಪಿಕ್ಸೆಲ್ ಅಂದ್ರೆ 6912 ಇಂಟು 3456. ಟೈಲ್ 1152 ಇಂಟು 1152 ಮಾಡಿದ್ರೆ ಅಡ್ಡಕ್ಕೆ ಆರು, ಉದ್ದಕ್ಕೆ ಮೂರು, ಸರಿಯಾಗಿ ಹದಿನೆಂಟು ಕೂರತ್ತೆ. ಫೋಟೊನ ಚೌಕಕ್ಕೆ ಕ್ರಾಪ್ ಮಾಡಿ ಸ್ಕೇಲ್ ಇಮೇಜ್‌ನಲ್ಲಿ ಈ ಅಳತೆಗೆ ತನ್ನಿ.

ಈಗ ಅಸಲಿ ಕೆಲಸ. ಲೇಯರ್ ಮೆನು, ಟ್ರಾನ್ಸ್‌ಫಾರ್ಮ್, ಆಫ್‌ಸೆಟ್. ಎಕ್ಸ್ 576, ವೈ 576, ಅಂದ್ರೆ ಎರಡೂ ಕಡೆ ಅರ್ಧ, ಕೆಳಗೆ ರಾಪ್ ಅರೌಂಡ್ ಆರಿಸಿ. ಚಿತ್ರ ಅರ್ಧ ಸರಿದು, ಆಚೆ ಹೋಗಿದ್ದು ಈಚೆಯಿಂದ ಒಳಗೆ ಬರತ್ತೆ. ಆಗ ಹೊರಗಿನ ನಾಲ್ಕು ಅಂಚು ನಡುವಿಗೆ ಬಂದು ಪ್ಲಸ್ ಆಕಾರದ ಗೆರೆಯಾಗಿ ಕಾಣತ್ತೆ, ಈಗ ಅಂಚಲ್ಲಿರೋದು ಮೊದಲು ನಡುವಲ್ಲಿ ಒಟ್ಟಿಗಿದ್ದ ಭಾಗ, ಹಾಗಾಗಿ ಅದು ತಾನಾಗೇ ಕೂಡತ್ತೆ. ನಾವು ಸರಿ ಮಾಡ್ಬೇಕಿರೋದು ನಡುವಿನ ಪ್ಲಸ್ ಮಾತ್ರ, ಹೊಸ ಅಂಚಿನ ತಂಟೆಗೆ ಹೋಗ್ಲೇಬಾರ್ದು.

ಮರಳು, ನಂದಿಬೆಟ್ಟದ ಬಂಡೆ, ಬಟ್ಟೆ ಥರದ್ದಾದ್ರೆ ಒಂದು ಜಾಗದ ಚಿತ್ರನ ಇನ್ನೊಂದು ಜಾಗಕ್ಕೆ ಬಳಿಯೋ ಕ್ಲೋನ್ ಟೂಲ್ ತಗೊಂಡು, ಕಂಟ್ರೋಲ್ ಹಿಡಿದು ಒಳ್ಳೇ ಜಾಗದ ಮೇಲೆ ಕ್ಲಿಕ್ ಮಾಡಿ, ಮೆತ್ತನೆ ಬ್ರಶ್‌ನಲ್ಲಿ ಗೆರೆ ಮೇಲೆ ಬಳಿದ್ರೆ ಆಯ್ತು. ಗೂಡಿಗೆ ಹಾಗೆ ಮಾಡಿದ್ರೆ ಅರ್ಧರ್ಧ ಗೂಡು ಕಲಸಿ ಹಿಟ್ಟಿನ ಮುದ್ದೆ ಆಗತ್ತೆ. ಫಿಲ್ಟರ್ಸ್‌ನ ಮ್ಯಾಪ್‌ನಲ್ಲಿರೋ ಟೈಲ್ ಸೀಮ್‌ಲೆಸ್ ಕೂಡ ಹೀಗೇ, ಒಂದರ ಮೇಲೊಂದು ಪಾರದರ್ಶಕವಾಗಿ ಬಂದು ದೆವ್ವದ ಗೂಡಿನ ಹಾಗೆ ಕಾಣತ್ತೆ. ಇಡೀ ಗೂಡನ್ನೇ ತಂದಿಡೋದು ಸರಿಯಾದ ದಾರಿ. ಫ್ರೀ ಸೆಲೆಕ್ಟ್‌ನಲ್ಲಿ ಒಂದು ಪೂರ್ತಿ ಗೂಡಿನ ಸುತ್ತ ಗೆರೆ ಎಳೀರಿ, ಮೈಮೇಲಿನ ನವಿರು ಎಳೆ ಬಿಟ್ಟುಹೋಗದ ಹಾಗೆ ಒಂದು ಕೂದಲಷ್ಟು ಹೊರಗೇ ಎಳೀರಿ, ಫೆದರ್ (ಅಂಚು ಮೆತ್ತಗೆ ಮಾಡೋದು) 2 ಅಥವಾ 3 ಕೊಟ್ಟು ಕಾಪಿ ಮಾಡಿ ಹೊಸ ಲೇಯರಾಗಿ, ಅಂದ್ರೆ ಮೇಲೊಂದು ಬೇರೆ ಪದರವಾಗಿ, ಪೇಸ್ಟ್ ಮಾಡಿ, ಕತ್ತರಿಸಿದ ಗೂಡಿನ ಮೇಲೆ ಕೂರಿಸಿ. ಗೂಡಿನ ಕೆಳಗೊಂದು ಸಣ್ಣ ನೆರಳಿರತ್ತಲ್ಲ, ಅದನ್ನೂ ಸೇರಿಸೇ ಕತ್ತರಿಸಿ, ಇಲ್ದಿದ್ರೆ ಗೂಡು ತೇಲ್ತಿರೋ ಹಾಗಿರತ್ತೆ. ತಿರುಗಿಸ್ಬಹುದು, ಆದ್ರೆ ಸ್ವಲ್ಪ ಮಾತ್ರ, ಪೂರ್ತಿ ತಿರುಗಿಸಿದ್ರೆ ನೆರಳು ಮೇಲ್ಗಡೆ ಬರತ್ತೆ. ನನಗೆ ಇಪ್ಪತ್ತಕ್ಕಿಂತ ಹೆಚ್ಚು ಗೂಡು ಬೇಕಾಯ್ತು, ಒಂದನ್ನೇ ಪದೇಪದೇ ಬಳಸದೆ ಏಳೆಂಟು ಬೇರೆಬೇರೆ ಆರಿಸ್ಕೊಂಡಿದ್ದೆ.

ಮುಗಿದ್ಮೇಲೆ ಫ್ಲ್ಯಾಟನ್ ಇಮೇಜ್ ಕೊಟ್ಟು ಎಲ್ಲ ಪದರ ಒಂದು ಮಾಡಿ ಇನ್ನೊಂದ್ಸಲ ಅದೇ ಆಫ್‌ಸೆಟ್ ಕೊಡಿ, ನಡುವೆ ಏನೂ ಗೆರೆ ಇಲ್ದಿದ್ರೆ ಸರಿ. ಆಮೇಲೆ ಎಡಿಟ್, ಕಾಪಿ, 6912 ಇಂಟು 3456ರ ಹೊಸ ಇಮೇಜ್ ತೆರೆದು ಬಕೆಟ್ ಫಿಲ್‌ನಲ್ಲಿ ಪ್ಯಾಟರ್ನ್ ಫಿಲ್ ಆರಿಸಿ, ಪಟ್ಟಿಯ ಮೊದಲನೇದು ನೀವು ಈಗ ಕಾಪಿ ಮಾಡಿದ್ದೇ ಇರತ್ತೆ, ಸುರೀರಿ. ಝೂಮ್ ಕಮ್ಮಿ ಮಾಡಿ ನಾಲ್ಕು ಹೆಜ್ಜೆ ಹಿಂದೆ ನಿಂತು ನೋಡಿ. ಗೆರೆ ಇರಲ್ಲ, ಆದ್ರೆ ಎಲ್ಲೋ ಒಂದು ಗೂಡು ಸ್ವಲ್ಪ ಕಂದಾಗಿದ್ರೂ ಅದೇ ಹದಿನೆಂಟು ಕಡೆ ಸಾಲಾಗಿ ಕಣ್ಣಿಗೆ ಹೊಡೆಯತ್ತೆ. ಟೈಲ್‌ಗೆ ವಾಪಸ್ ಹೋಗಿ ಅದರ ಮೇಲೊಂದು ಮಾಮೂಲಿ ಗೂಡು ಕೂರಿಸಿ.

ಫೋಟೊಶಾಪ್ ಇರೋರಿಗೂ ಇದೇ ದಾರಿ, ಫಿಲ್ಟರ್, ಅದರ್, ಆಫ್‌ಸೆಟ್, ಕೊನೆಗೆ ಎಡಿಟ್‌ನಲ್ಲಿ ಡಿಫೈನ್ ಪ್ಯಾಟರ್ನ್. 2021ರ ವರ್ಶನ್‌ನಿಂದ ವ್ಯೂ ಮೆನುವಲ್ಲಿ ಪ್ಯಾಟರ್ನ್ ಪ್ರಿವ್ಯೂ ಇದೆ, ಸರಿ ಮಾಡ್ತಾನೇ ಸುತ್ತ ಹೇಗೆ ಕೂಡತ್ತೆ ಅಂತ ಕಾಣತ್ತೆ.

ಟೈಲನ್ನ ಪಿಎನ್‌ಜಿಯಲ್ಲೇ ಇಟ್ಕೊಳ್ಳಿ. ಜೆಪಿಜಿ ಚಿತ್ರನ 8 ಇಂಟು 8 ಚೌಕಗಳಾಗಿ ಒಡೆದು ಒತ್ತತ್ತೆ, ಎಡದ ಅಂಚು ಬಲದ ಅಂಚಿಗೆ ಕೂಡ್ಬೇಕು ಅನ್ನೋದು ಅದಕ್ಕೆ ಗೊತ್ತಿರಲ್ಲ, ಕ್ವಾಲಿಟಿ ಕಮ್ಮಿ ಇಟ್ರೆ ಅಳಿಸಿದ ಗೆರೆ ತೆಳ್ಳಗೆ ಮತ್ತೆ ಬರ್ಬಹುದು. ಎರಡನೇ ಫ್ಲೆಕ್ಸ್ ಬಂದಾಗ ಆ ಬೆಳೆಗಾರರು ಹತ್ರ ಹೋಗಿ ಬೆರಳಿಟ್ಟು ಹುಡುಕಿದ್ರು, ಎಲ್ಲಿ ಸೇರಿಸಿದೀರಾ ಅಂತ ಕೇಳಿದ್ರು, ನಾನೇ ತೋರಿಸ್ಬೇಕಾಯ್ತು.