ಅಂಗಿ ಎಲ್ಲಿದೆ? ಟ್ಯಾಗನ್ನೇ ಕೇಳಿ

ಈಚೆಗೆ ಬಟ್ಟೆ ಅಂಗಡಿಯೊಂದರಲ್ಲಿ 40ರ ಸೈಜಿನ ನೀಲಿ ಅಂಗಿ ಕೇಳಿದೆ. ಕಂಪ್ಯೂಟರ್ ‘ಒಂದು ಇದೆ’ ಅಂತಿತ್ತು. ಹುಡುಕಲು ಹೋದ ಹುಡುಗ ಕಾಲು ಗಂಟೆ ಬಿಟ್ಟು ಬರಿಗೈಲಿ ಬಂದ. ಅಂಗಿ ಅಂಗಡಿಯಲ್ಲೇ ಇತ್ತೇನೋ, ಎಲ್ಲಿದೆ ಅಂತ ಯಾರಿಗೂ ಗೊತ್ತಿರಲಿಲ್ಲ ಅಷ್ಟೆ.

ಈ ತಲೆನೋವಿಗೆ ಇರುವ ಮದ್ದು ಆರ್‌ಎಫ್‌ಐಡಿ, ಅಂದರೆ ರೇಡಿಯೊ ಅಲೆಯಿಂದ ವಸ್ತುವಿನ ಗುರುತು ಹಿಡಿಯುವ ತಂತ್ರ. ಕಾರಿನ ಗಾಜಿಗೆ ಅಂಟಿಸಿದ ಫಾಸ್ಟ್ಯಾಗ್ ಕೆಲಸ ಮಾಡುವುದೂ ಇದರಿಂದಲೇ. ಪೀಣ್ಯದಲ್ಲಿ ಅಂಗಿ ಹೊಲಿಸಿ ಅಂಗಡಿಗಳಿಗೆ ಕಳಿಸುವವರು ಇದನ್ನು ಹೇಗೆ ಶುರು ಮಾಡಬಹುದು, ನೋಡೋಣ.

ಮೊದಲು ಟ್ಯಾಗ್. ಬೆಲೆಚೀಟಿಯೊಳಗೇ ಸೇರಿಸಿದ್ದನ್ನು ತರಿಸಿ. ಬೆಳಕಿಗೆ ಹಿಡಿದರೆ ಅಂಕುಡೊಂಕಾದ ಲೋಹದ ಗೆರೆ ಕಾಣುತ್ತದೆ, ಅದೇ ಆಂಟೆನಾ. ನಡುವೆ ರಾಗಿಕಾಳಿಗಿಂತ ಸಣ್ಣ ಚಿಪ್. ಬ್ಯಾಟರಿ ಇಲ್ಲ. ರೀಡರ್ ಬಿಡುವ ರೇಡಿಯೊ ಅಲೆ ತಾಗಿದರೆ ಸಾಕು, ಚಿಪ್ ಎಚ್ಚೆತ್ತು ತನ್ನ ನಂಬರ್ ಹೇಳುತ್ತದೆ. ಕೆಲವು ಮೀಟರ್ ದೂರದಿಂದಲೂ ಓದಬಹುದು. ಭಾರತದಲ್ಲಿ ಇದಕ್ಕೆ ಬಳಸುವ ಬ್ಯಾಂಡ್, ಅಂದರೆ ರೇಡಿಯೊ ಅಲೆಗಳ ಪಟ್ಟಿ, 865 ಮೆಗಾಹರ್ಟ್ಸ್‌ನಿಂದ ಶುರು. ಅಗ್ಗಕ್ಕೆ ಸಿಕ್ಕಿತೆಂದು ಅಮೆರಿಕದ 902–928ರ ರೀಡರ್ ತರಿಸಬೇಡಿ.

ಆಮೇಲೆ ನಂಬರ್ ಬರೆಯುವುದು. ಬಾರ್‌ಕೋಡ್ ‘ನೀಲಿ ಅಂಗಿ, 40’ ಅಂದು ಸುಮ್ಮನಾಗುತ್ತದೆ. ಬಾರ್‌ಕೋಡ್ ನಂಬರುಗಳ ನಿಯಮ ರೂಪಿಸುವ ಜಾಗತಿಕ ಸಂಸ್ಥೆ ಜಿಎಸ್‌1ರ ಪದ್ಧತಿಯ 96 ಬಿಟ್‌ನ ಟ್ಯಾಗಿನಲ್ಲಿ ಅದರ ಜತೆ ಸೀರಿಯಲ್ ನಂಬರೂ ಇರುತ್ತದೆ. ಹಾಗಾಗಿ ಒಂದೊಂದು ಅಂಗಿಯೂ ಬೇರೆ ಬೇರೆ. ಒಂದೇ ನಂಬರ್ ಎರಡು ಟ್ಯಾಗಿಗೆ ಬಿದ್ದರೆ ಎರಡು ಅಂಗಿ ಲೆಕ್ಕಕ್ಕೆ ಒಂದೇ ಆಗುತ್ತವೆ.

ಜಾಸ್ತಿ ಗಮನ ಬೇಕಾದದ್ದು ಪ್ಯಾಕಿಂಗ್ ಟೇಬಲ್ಲಿನಲ್ಲಿ. 40 ಅಂಗಿ ತುಂಬಿದ ಬಾಕ್ಸನ್ನು ರೀಡರ್ ಮುಂದಿಡಿ. ಬಿಚ್ಚದೆಯೇ ಕೆಲವು ಸೆಕೆಂಡಿನಲ್ಲಿ ಲೆಕ್ಕ ಬರುತ್ತದೆ. 39 ಬಂತಾ? ಒಂದು ಅಂಗಿ ಕಮ್ಮಿ ಇರಬೇಕು, ಇಲ್ಲವೇ ಒಂದು ಟ್ಯಾಗ್ ಕೆಟ್ಟಿರಬೇಕು. ಅಲ್ಲೇ ಎಣಿಸಿ ನೋಡಿ. 43 ಬಂದರೆ ಗಾಬರಿ ಬೇಡ, ಪಕ್ಕದ ಬಾಕ್ಸಿನ ಟ್ಯಾಗುಗಳು ನಡುವೆ ಬಾಯಿ ಹಾಕಿರುತ್ತವೆ. ರೀಡರಿನ ಪವರ್ ಇಳಿಸಿ, ಇಲ್ಲವೇ ತಗಡು ಹೊದಿಸಿದ ಗೂಡಿನೊಳಗೆ ಬಾಕ್ಸ್ ಇಟ್ಟು ಓದಿಸಿ. ಲೋಹ ಈ ಅಲೆಯನ್ನು ತಡೆಯುತ್ತದೆ, ನೀರು ಹೀರಿಕೊಳ್ಳುತ್ತದೆ. ಟ್ಯಾಗನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೂ ಒಮ್ಮೊಮ್ಮೆ ಓದುವುದಿಲ್ಲ, ನಮ್ಮ ಮೈಯಲ್ಲೂ ನೀರೇ ಜಾಸ್ತಿ ಅಲ್ವಾ! ಲೆಕ್ಕ ತಾಳೆಯಾಗುವವರೆಗೆ ಬಾಕ್ಸಿಗೆ ಟೇಪ್ ಹಾಕಲೇಬೇಡಿ. ಇಲ್ಲಿ ನುಸುಳಿದ ತಪ್ಪನ್ನು ಮುಂದಿನ ಯಾವ ರೀಡರೂ ಸರಿಮಾಡಲಾರದು.

ಲಾರಿ ಹೊರಡುವಾಗ ಗೇಟಿನಲ್ಲಿ ಒಮ್ಮೆ, ಗೋಡೌನಿಗೆ ಬಂದಾಗ ಒಮ್ಮೆ ಓದಿಸಿದರೆ ಸಾಕು. ಅಂಗಡಿಯಲ್ಲಿ ವಾರಕ್ಕೊಮ್ಮೆ ಕೈರೀಡರ್ ಹಿಡಿದು ರ್‍ಯಾಕುಗಳ ಪಕ್ಕ ನಡೆದರೆ ಸ್ಟಾಕ್ ಎಣಿಕೆ ಮುಗಿಯುತ್ತದೆ. ಬಿಲ್ ಆದಾಗ ಆ ನಂಬರಿಗೆ ‘ಮಾರಿದೆ’ ಅಂತ ಗುರುತು ಹಾಕಿ. ಗಿರಾಕಿ ವಾಪಸ್ ತಂದುಕೊಟ್ಟರೆ ಗುರುತು ತೆಗೆಯಲು ಮರೆಯಬೇಡಿ, ತುಂಬ ಕಡೆ ಎಡವುವುದು ಇಲ್ಲೇ.

ಕೈರೀಡರುಗಳಲ್ಲಿ ಹುಡುಕುವ ಸೌಲಭ್ಯವೂ ಇರುತ್ತದೆ. ಬೇಕಾದ ಅಂಗಿಯ ನಂಬರ್ ಒತ್ತಿ ನಡೆಯುತ್ತಾ ಹೋಗಿ. ದೂರ ಇದ್ದರೆ ಬೀಪ್ ನಿಧಾನ, ಹತ್ತಿರವಾದಂತೆ ಬಿರುಸು. ಆ ಹುಡುಗನ ಕೈಲಿ ಇದಿದ್ದರೆ, ಪ್ಯಾಂಟುಗಳ ರಾಶಿಯ ಅಡಿಯಲ್ಲೋ ಟ್ರಯಲ್ ರೂಮಿನ ಮೊಳೆಯಲ್ಲೋ ನನ್ನ ನೀಲಿ ಅಂಗಿ ಸಿಗುತ್ತಿತ್ತು.